ಬಿಂದಿಗೆ ಓಟ

ಶರ್ಮಿಳಾ ಮೇಡಂ ಫೋನು ಬಂದಾಗ ಶಿವಪ್ರಕಾಶ್ ಶುಂಠಿ ಮೂಟೆಯ ಬಾಯಿ ಹೊಲಿಯುತ್ತಿದ್ದ. ದಬ್ಬಳವನ್ನು ಗೋಣಿಗೆ ಚುಚ್ಚಿ ಹಾಗೇ ಬಿಟ್ಟು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನು ಕಿವಿಗಿಟ್ಟ.

“ಶಿವು, ಒಂದ್ ವಿಷ್ಯ ಹೇಳು. ಹದಿನಾಲ್ಕು ನೀನಾ?”

“ಏನ್ ಹದಿನಾಲ್ಕು ಮೇಡಂ?”

“ಜೆರ್ಸಿ ಕಣೋ. ನಮ್ಮ ಟೀಮಿನ ಹದಿನಾಲ್ಕನೇ ನಂಬರು ನೀನಾ, ಹಾರಂಗಿ ಶಿವನಾ?”

ಸುಲಭದ ಪ್ರಶ್ನೆಯೇ. ಆದರೂ ಶಿವಪ್ರಕಾಶ್ “ಯಾವ ಮ್ಯಾಚಲ್ಲಿ ಮೇಡಂ?” ಎಂದು ಕೇಳಿದ.

ಆ ಕಡೆಯಿಂದ ದೊಡ್ಡ ನಿಟ್ಟುಸಿರು ಕೇಳಿಸಿತು. “ಅದೇ ನೋಡು ಪಂಚಾಯ್ತಿ. ಒಂದ್ ವಿಡಿಯೋ ಕಳಿಸ್ತೀನಿ, ನೋಡಿ ಫೋನ್ ಮಾಡು. ಶನಿವಾರ ಹನ್ನೊಂದಕ್ಕೆ ಕಾಲೇಜಿಗೆ ಬರ್ಬೇಕು, ಅದ್ಯಾವ್ದೋ ಲೈಸೆನ್ಸಿಗೆ ಸಹಿ ಬೇಕಂತೆ.”

ಶಿವಪ್ರಕಾಶ್ ಕುಶಾಲನಗರದ ಆ ಕಾಲೇಜು ಬಿಟ್ಟು ಒಂದು ವರ್ಷ ದಾಟಿತ್ತು. ಶರ್ಮಿಳಾ ಅಲ್ಲಿಯ ದೈಹಿಕ ಶಿಕ್ಷಣ ನಿರ್ದೇಶಕಿ, ಹಾಕಿ ತಂಡಕ್ಕೆ ತಾಯಿ, ತಂದೆ, ಮೇಸ್ತ್ರಿ ಎಲ್ಲವೂ. ಅವನಿದ್ದ ಮೂರು ವರ್ಷವೂ ತಂಡದಲ್ಲಿ ಇಬ್ಬರು ಶಿವಪ್ರಕಾಶರಿದ್ದರು. ಇವನು ಎಸ್. ಶಿವಪ್ರಕಾಶ್, ಶನಿವಾರಸಂತೆಯ ಶುಂಠಿ ವ್ಯಾಪಾರಿ ಶಿವಶಂಕರಪ್ಪನವರ ಮಗ. ಇನ್ನೊಬ್ಬ ಟಿ. ಶಿವಪ್ರಕಾಶ್, ಹಾರಂಗಿ ನಾಲೆಯ ಕೆಳಗೆ ಮೂರು ಎಕರೆ ಇರುವ ತಿಮ್ಮಯ್ಯನವರ ಮಗ. ಅವನ ತಾತನ ಕಾಲಕ್ಕೆ ಹೊಳೆನರಸೀಪುರದ ಕಡೆಯಿಂದ ಬಂದು ನೆಲೆಸಿದ ಮನೆ. ಮೈದಾನದಲ್ಲಿ ‘ಶಿವಾ’ ಎಂದು ಕೂಗಿದರೆ ಇಬ್ಬರೂ ತಿರುಗಿ ನೋಡಿ ಚೆಂಡು ಮೂರನೆಯವನ ಪಾಲಾಗುತ್ತಿತ್ತು. ಹಾಗಾಗಿ ಮೊದಲ ವರ್ಷವೇ ಒಬ್ಬ ಸಂತೆ ಶಿವ, ಇನ್ನೊಬ್ಬ ಹಾರಂಗಿ ಶಿವ ಆದರು. ತರಗತಿಯಲ್ಲಿ ಮಾತ್ರ ಈ ವ್ಯತ್ಯಾಸ ಇರಲಿಲ್ಲ. ಹಾಜರಿ ಕರೆಯುವ ಮೇಷ್ಟ್ರು ‘ಶಿವಪ್ರಕಾಶ್’ ಎಂದು ಎರಡು ಸಲ ಓದುತ್ತಿದ್ದರು. ಬಂದಿದ್ದವನು ಎರಡು ಸಲ ‘ಎಸ್ ಸರ್’ ಎನ್ನುತ್ತಿದ್ದ, ಎರಡನೇ ಸಲ ದನಿ ಸ್ವಲ್ಪ ದಪ್ಪ ಮಾಡಿ. ಮೂರು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಪ್ರಾಕ್ಸಿ ಹಾಕಿಕೊಂಡೇ ಪಾಸಾದವರು.

ವಿಡಿಯೋ ಬಂತು. ಇಪ್ಪತ್ತೆರಡು ಸೆಕೆಂಡಿನದು. ಅದು ನಿಜವಾದ ಪಂದ್ಯವಲ್ಲ, ಗೇಮ್. ಮೈಸೂರಿನ ಒಂದು ಕಂಪನಿ ಕಾಲೇಜು ಹಾಕಿ ತಂಡಗಳ ಮೇಲೆ ಮೊಬೈಲ್ ಗೇಮ್ ಮಾಡುತ್ತಿದೆ ಎಂಬುದು ಅವನಿಗೆ ಮೊದಲೇ ಗೊತ್ತಿತ್ತು. ಅವರು ಕಾಲೇಜಿಗೆ ಬಂದು ಆಟಗಾರರ ಅಳತೆ ತೆಗೆದುಕೊಂಡು ಹೋದ ದಿನ ಇವನು ಇರಲಿಲ್ಲ. ಫೋನಿನ ತೆರೆಯಲ್ಲಿ ನೀಲಿ ಟರ್ಫ್, ಹಸಿರು ಜೆರ್ಸಿ, ಬೆನ್ನ ಮೇಲೆ ಹದಿನಾಲ್ಕು, ಅದರ ಮೇಲೆ ಶಿವಪ್ರಕಾಶ್ ಎಂಬ ಹೆಸರು. ಆಟಗಾರ ತಿರುಗಿದ. ಹಾರಂಗಿ ಶಿವನ ಮುಖ: ಅದೇ ಅಗಲ ಹಣೆ, ಅದೇ ಹುಬ್ಬಿನ ನಡುವಿನ ಗಾಯದ ಗುರುತು. ಆಟಗಾರ ಓಡಿದ.

ಶಿವಪ್ರಕಾಶ್ ಮೂಟೆಯ ಮೇಲೆ ಕೂತುಬಿಟ್ಟ. ಓಟ ತನ್ನದೇ ಆಗಿತ್ತು.

ಅವನ ಓಟಕ್ಕೆ ತಂಡದಲ್ಲಿ ಒಂದು ಹೆಸರೇ ಇತ್ತು: ಬಿಂದಿಗೆ ಓಟ. ಬಲ ಭುಜ ಕೆಳಗೆ ವಾಲಿ, ಎಡ ಮೊಣಕೈ ಹೊರಗೆ ಚಾಚಿ, ಎಡ ಸೊಂಟದ ಮೇಲೆ ತುಂಬಿದ ಬಿಂದಿಗೆ ಇದ್ದು ಅದು ತುಳುಕಬಾರದು ಎಂಬಂತೆ ಅವನು ಓಡುತ್ತಿದ್ದ. ನಾಲ್ಕೋ ಐದೋ ಹೆಜ್ಜೆಗೊಮ್ಮೆ ಸಣ್ಣ ಕುಪ್ಪಳಿಕೆ. ಎದುರಾಳಿಗಳು ಅವನು ಬಲಕ್ಕೆ ಹೋಗುತ್ತಾನೆ ಎಂದುಕೊಳ್ಳುವಷ್ಟರಲ್ಲಿ ಎಡಕ್ಕೆ ಹೋಗಿರುತ್ತಿದ್ದ. ಯಾಕೆ ಹಾಗೆ ಓಡುತ್ತಾನೆ ಎಂದು ಯಾರಾದರೂ ಕೇಳಿದರೆ ಅವನಿಗೂ ಗೊತ್ತಿರಲಿಲ್ಲ.

2024ರ ಜನವರಿ 28ರಂದು ಅಂತರ ಕಾಲೇಜು ಟೂರ್ನಿಯ ಫೈನಲ್‌ನಲ್ಲಿ, ಕೊನೆಯ ಕ್ವಾರ್ಟರ್‌ನಲ್ಲಿ, ಅವನ ಬಲ ಮೊಣಕಾಲಿನ ಲಿಗಮೆಂಟ್ ಹರಿಯಿತು. ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಆಮೇಲೆ ಐದು ತಿಂಗಳು ಫಿಸಿಯೋಥೆರಪಿ. ಆಳೆತ್ತರದ ಕನ್ನಡಿಯ ಮುಂದೆ ನಿಲ್ಲಿಸಿ, “ಭುಜ ಸಮ, ಭುಜ ಸಮ” ಎನ್ನುತ್ತಾ ಅವರು ಅವನಿಗೆ ನಡಿಗೆ ಕಲಿಸಿದರು. ಈಗ ಅವನು ನೆಟ್ಟಗೆ ನಡೆಯುತ್ತಾನೆ. ಬಸ್ಸು ಹೊರಟರೆ ನಾಲ್ಕು ಹೆಜ್ಜೆ ಓಡಲೂ ಆಗುತ್ತದೆ, ಅದೂ ನೆಟ್ಟಗೆ. ಹಳೆಯ ಓಟ ಎಲ್ಲೂ ಉಳಿದಿರಲಿಲ್ಲ. ಫೈನಲ್‌ನ ವಿಡಿಯೋ ಇದೆ ನಿಜ. ಅದನ್ನು ದೂರದ ನೀರಿನ ಟ್ಯಾಂಕ್ ಮೇಲಿಂದ ತೆಗೆದಿದ್ದು. ಅದರಲ್ಲಿ ಆಟಗಾರರು ಇರುವೆ ಗಾತ್ರಕ್ಕೆ ಕಾಣುತ್ತಾರೆ. ಇಲ್ಲಿ, ಈ ಇಪ್ಪತ್ತೆರಡು ಸೆಕೆಂಡಿನಲ್ಲಿ, ಬೇರೆಯವನ ಮುಖ ಹೊತ್ತು, ಅದು ಇತ್ತು.

ಅವನು ವಿಡಿಯೋವನ್ನು ಹದಿನೈದು ಸಲವಾದರೂ ನೋಡಿದ.

“ಏನೋ ಅದು?” ಶಿವಶಂಕರಪ್ಪ ತಕ್ಕಡಿಯ ಪಕ್ಕದಿಂದ ಕೇಳಿದರು.

“ಗೇಮ್ ಅಪ್ಪ. ಅದರಲ್ಲಿ ಹಾರಂಗಿ ಶಿವನ ಮುಖಕ್ಕೆ ನನ್ನ ಓಟ ಹಾಕಿದಾರೆ. ಲೈಸೆನ್ಸಿಗೆ ಸಹಿ ಬೇಕಂತೆ.”

“ಓಡಕ್ಕೂ ಲೈಸೆನ್ಸಾ?”

“ಓಡಕ್ಕಲ್ಲಪ್ಪ. ಓಡಿದ್ದನ್ನ ತೋರ್ಸಕ್ಕೆ.”

ಶಿವಶಂಕರಪ್ಪ ಬೆರಳು ಮಡಚುತ್ತಾ ಎಣಿಸಿದರು. “ಮುಖ ತಿಮ್ಮಯ್ಯನ ಮಗಂದು. ಓಟ ನಿಂದು ಅಂತೀಯ. ಹೆಸರು ಇಬ್ಬರದೂ. ಸಹಿ ಯಾರು ಹಾಕದು?”

“ಅದೇ ಗೊತ್ತಾಗ್ತಿಲ್ಲ.”

“ಹಂಗಾರೆ ಮೂಟೆ ಹೊಲಿ,” ಎಂದರು ಅವರು.

ಆಗಸ್ಟ್ 23ರ ಶನಿವಾರ ಅವನು ಬೆಳಿಗ್ಗೆ ಎಂಟರ ಬಸ್ಸು ಹಿಡಿದ. ಸೋಮವಾರಪೇಟೆಯಲ್ಲಿ ಬದಲಾಯಿಸಿ, ಕೂಡಿಗೆ ದಾಟಿ ಕುಶಾಲನಗರ ಮುಟ್ಟುವವರೆಗೂ ಒಂದೇ ಯೋಚನೆ. ಅಳತೆ ತೆಗೆದುಕೊಂಡ ದಿನ ಅವನು ಆಸ್ಪತ್ರೆಯಲ್ಲಿದ್ದ. ಹಾಗಿದ್ದರೆ ಕಂಪನಿಗೆ ಅವನ ಓಟ ಸಿಕ್ಕಿದ್ದೆಲ್ಲಿ? ನೀರಿನ ಟ್ಯಾಂಕ್ ಮೇಲಿನ ವಿಡಿಯೋದಿಂದಲೇ ಇರಬೇಕು, ಕಂಪ್ಯೂಟರಿನಲ್ಲಿ ಏನೇನೋ ಮಾಡಿ ದೊಡ್ಡದು ಮಾಡಿರಬೇಕು ಎಂದುಕೊಂಡ. ಆ ವಿವರಣೆ ಅವನಿಗೇ ಅರ್ಧ ಮಾತ್ರ ಒಪ್ಪಿಗೆಯಾಗಿತ್ತು. ಆದರೆ ಒಂದು ಮಾತ್ರ ಖಚಿತವಿತ್ತು: ಆ ಓಟ ಹೇಗಾದರೂ ಉಳಿಯಬೇಕು.

ಕ್ರೀಡಾ ಕೊಠಡಿಯಲ್ಲಿ ಮೂವರಿದ್ದರು. ಮೇಜಿನ ಹಿಂದೆ ಶರ್ಮಿಳಾ ಮೇಡಂ. ಅವರ ಪಕ್ಕ ಲ್ಯಾಪ್‌ಟಾಪ್ ತೆರೆದುಕೊಂಡು ಒಬ್ಬ ಯುವತಿ. ಜಾವೆಲಿನ್‌ಗಳ ಕಟ್ಟಿಗೆ ಒರಗಿಕೊಂಡು ಹಾರಂಗಿ ಶಿವ.

“ಬಾರ್ಲಾ ಹದಿನಾಲ್ಕು,” ಎಂದ ಹಾರಂಗಿ ಶಿವ.

“ನೀನೇ ಹದಿನಾಲ್ಕು. ಮುಖ ನೋಡ್ಕಂಡಿಲ್ವಾ?”

“ನೋಡ್ಕಂಡೆ. ಕಂಪ್ಯೂಟ್ರಿನೋರು ನನ್ನ ಬೆಳ್ಳಗೆ ಮಾಡಿದಾರೆ. ನಮ್ಮವ್ವ ಖುಷಿಯಾಗವ್ಳೆ.”

ಯುವತಿ ತನ್ನ ಹೆಸರು ಮಾನಸ ಎಂದಳು. ಕಂಪನಿಯಲ್ಲಿ ಪರವಾನಗಿಯ ಕೆಲಸ ನೋಡುವವಳು. ಅವಳ ಕಣ್ಣಿನ ಕೆಳಗೆ ಕಪ್ಪಾಗಿತ್ತು. ಹದಿನೈದು ದಿನದಲ್ಲಿ ಹನ್ನೊಂದು ಕಾಲೇಜು ಸುತ್ತಿದ್ದಳಂತೆ. ಸಂಗತಿಯನ್ನು ಅವಳು ಬಿಡಿಸಿ ಹೇಳಿದಳು. ಗೇಮ್ ಮುಗಿಯುವ ಹಂತಕ್ಕೆ ಬಂದಾಗ ವಿಶ್ವವಿದ್ಯಾಲಯ ನೋಟಿಸ್ ಕೊಟ್ಟಿತು: ಟೂರ್ನಿ ನಮ್ಮದು, ತಂಡಗಳ ಪಟ್ಟಿ ನಮ್ಮದು, ಕೇಳದೆ ಬಳಸುವಂತಿಲ್ಲ. ಅದನ್ನು ನೋಡಿ ಕಾಲೇಜುಗಳು ಪತ್ರ ಬರೆದವು: ಲಾಂಛನ ಮತ್ತು ಜೆರ್ಸಿಯ ಬಣ್ಣ ನಮ್ಮವು. ಅಷ್ಟರಲ್ಲಿ ಬೇರೆ ಜಿಲ್ಲೆಯ ಒಬ್ಬ ಗೋಲ್‌ಕೀಪರ್ ವಕೀಲರನ್ನು ಹಿಡಿದ: ಮುಖ ನನ್ನದು, ನನ್ನನ್ನು ಯಾರೂ ಕೇಳಲೇ ಇಲ್ಲ.

“ಅವತ್ತು ಎಲ್ಲರ ಹತ್ರಾನೂ ಸಹಿ ತಗೊಳ್ಳಬೇಕಿತ್ತು. ತಗೊಳ್ಳಲಿಲ್ಲ, ತಪ್ಪು ನಮ್ಮದೇ,” ಎಂದಳು ಮಾನಸ. “ಈಗ ಪ್ರತಿಯೊಬ್ಬ ಆಟಗಾರನದೂ ಬೇಕು. ಒಂದು ನಂಬರಿಗೆ ಒಂದು ಸಹಿ. ಒಂದೇ ನಂಬರಿಗೆ ಇಬ್ಬರು ಹಕ್ಕು ಕೇಳಿದರೆ ಆ ಆಟಗಾರನನ್ನೇ ತೆಗೆದುಬಿಡಿ ಅಂತ ನಮ್ಮ ವಕೀಲರು ಹೇಳಿದ್ದಾರೆ.”

“ಪೂರ್ತಿ?” ಶಿವಪ್ರಕಾಶ್ ಕೇಳಿದ. “ಓಟಾನೂ?”

“ಹೆಸರು, ಮುಖ, ಓಟ ಎಲ್ಲಾನೂ.”

ಅವಳು ಒಂದು ಹಾಳೆ ಮುಂದಿಟ್ಟಳು. ಕನ್ನಡದಲ್ಲೇ ಇತ್ತು. ‘ಹದಿನಾಲ್ಕನೇ ನಂಬರಿನ ಆಟಗಾರನ ಹೆಸರು, ಮುಖ ಮತ್ತು ಚಲನೆ ಮೂರೂ ನನ್ನವೇ ಎಂದು ದೃಢೀಕರಿಸುತ್ತೇನೆ’ ಎಂದಿತ್ತು. ಕೆಳಗೆ ಒಂದೇ ಒಂದು ಗೆರೆ.

“ಮೊದಲು ಹದಿನಾಲ್ಕು ಯಾರು ಅಂತ ಇತ್ಯರ್ಥ ಆಗ್ಲಿ,” ಎಂದರು ಶರ್ಮಿಳಾ ಮೇಡಂ. “ನನ್ನ ಹತ್ರ ಎರಡು ಸ್ಕೋರ್ ಶೀಟ್ ಇದೆ. ಸೆಮಿಫೈನಲ್‌ನಲ್ಲಿ ಹದಿನಾಲ್ಕು, ಟಿ. ಶಿವಪ್ರಕಾಶ್. ಫೈನಲ್‌ನಲ್ಲಿ ಹದಿನಾಲ್ಕು, ಎಸ್. ಶಿವಪ್ರಕಾಶ್.”

“ನಾವು ಅದನ್ನ ಟೈಪಿಂಗ್ ತಪ್ಪು ಅಂದುಕೊಂಡ್ವಿ,” ಎಂದಳು ಮಾನಸ. “ಒಬ್ಬನೇ ಆಟಗಾರ, ಯಾರೋ ಇನಿಷಿಯಲ್ ತಪ್ಪು ಬರೆದಿದ್ದಾರೆ ಅಂತ. ಅದಕ್ಕೆ ಇನಿಷಿಯಲ್ ತೆಗೆದು ಒಂದೇ ಮಾಡಿದ್ವಿ. ಎರಡು ಮ್ಯಾಚಿಗೆ ನಂಬರ್ ಯಾಕೆ ಬದಲಾಯ್ತು?”

ಮೂವರೂ ಮುಖ ಮುಖ ನೋಡಿಕೊಂಡರು. ಹೊರಗಿನವರಿಗೆ ಇದನ್ನು ವಿವರಿಸಬೇಕಾಗಿ ಬಂದದ್ದು ಇದೇ ಮೊದಲು. ಶರ್ಮಿಳಾ ಮೇಡಂ ಎದ್ದು ಮೂಲೆಯ ತಗಡಿನ ಪೆಟ್ಟಿಗೆ ತೆಗೆದರು. ಒಳಗೆ ಹಸಿರು ಜೆರ್ಸಿಗಳು ಮಡಚಿಟ್ಟಿದ್ದವು, ಮಾಸಿ, ಕೆಲವಕ್ಕೆ ತೇಪೆ.

“ಕಾಲೇಜಿಗೆ ಇರೋದು ಒಂದೇ ಸೆಟ್ಟಮ್ಮ. ನಂಬರು ಅಂದ್ರೆ ಇಲ್ಲಿ ಅಳತೆ. ಎರಡರಿಂದ ಆರು ಸಣ್ಣವು. ಹದಿಮೂರು, ಹದಿನಾಲ್ಕು ದೊಡ್ಡವು. ಇವರಿಬ್ಬರೂ ದೊಡ್ಡ ಭುಜದವರು. ಮೊದಲು ಬಂದವನು ಹದಿನಾಲ್ಕು ಹಾಕ್ಕೋತಾನೆ. ತಡವಾಗಿ ಬಂದವನಿಗೆ ಹದಿಮೂರು.”

“ಹದಿಮೂರರ ಕಂಕುಳು ಹರಿದಿತ್ತು,” ಎಂದು ಹಾರಂಗಿ ಶಿವ ಸೇರಿಸಿದ. “ಫೈನಲ್ ದಿನ ನಾನು ತಡ.”

ಮಾನಸ ಇದನ್ನು ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳಲು ಹೊರಟು, ಎರಡು ಸಾಲು ಹೊಡೆದು, ಅಳಿಸಿದಳು. “ಹಾಗಾದ್ರೆ ನಂಬರಿಂದ ಏನೂ ಗೊತ್ತಾಗಲ್ಲ.”

“ಏನೂ ಗೊತ್ತಾಗಲ್ಲ,” ಎಂದು ಮೇಡಂ ಒಪ್ಪಿಕೊಂಡರು.

“ಹೆಸರಿಂದಾನೂ ಗೊತ್ತಾಗಲ್ಲ. ಮುಖ ಇವರದು.” ಅವಳು ಹಾರಂಗಿ ಶಿವನ ಕಡೆ ಕೈ ತೋರಿಸಿದಳು. “ಚಲನೆ?”

“ನಂದು,” ಎಂದ ಶಿವಪ್ರಕಾಶ್. ದನಿ ತಾನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. “ಅದು ನನ್ನ ಓಟ. ಟೀಮಲ್ಲಿ ಯಾರನ್ನ ಬೇಕಾದ್ರೂ ಕೇಳಿ.”

“ಓಡಿ ತೋರಿಸ್ತೀರಾ? ನಾನು ಫೋನಲ್ಲಿ ತೆಗೆದು ಆಫೀಸಿಗೆ ಕಳಿಸಿದ್ರೆ ಅವರು ಹೋಲಿಸಿ ನೋಡ್ತಾರೆ.”

ಮೇಡಂ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಶಿವಪ್ರಕಾಶ್ ಬಾಗಿಲು ದಾಟಿಯಾಗಿತ್ತು.

ಮೈದಾನ ಮಳೆಗೆ ನೆನೆದು ಒಣಗುತ್ತಿತ್ತು. ಅವನು ಗೋಲ್‌ಪೋಸ್ಟಿನ ಬಳಿ ನಿಂತು, ಬಲ ಭುಜ ಇಳಿಸಿ, ಎಡ ಮೊಣಕೈ ಚಾಚಿ ಹೊರಟ. ಮೂರು ಹೆಜ್ಜೆ ಬಂತು. ನಾಲ್ಕನೆಯದಕ್ಕೆ ಬಲ ಮೊಣಕಾಲು, ಐದು ತಿಂಗಳು ಕಲಿತ ಪಾಠವನ್ನು ನೆನಪಿಸಿಕೊಂಡಿತೋ ಏನೋ, ಅವನನ್ನು ನೆಟ್ಟಗೆ ಎತ್ತಿ ನಿಲ್ಲಿಸಿತು. ಮತ್ತೆ ಪ್ರಯತ್ನಿಸಿದ. ಈ ಸಲ ಭುಜ ಅತಿಯಾಗಿ ವಾಲಿ, ಒಂದು ಕಡೆ ಭಾರ ಜಾಸ್ತಿ ಹೇರಿದ ಸೈಕಲ್ಲಿನಂತೆ ಆಯಿತು. ತನ್ನದೇ ಓಟವನ್ನು ತಾನೇ ಅಣಕಿಸುತ್ತಿದ್ದೇನೆ ಅನ್ನಿಸಿ ನಿಂತುಬಿಟ್ಟ.

ಮಾನಸ ಫೋನು ಕೆಳಗಿಳಿಸಿದಳು. “ಸಾರಿ. ಇದು ಅದರ ತರ ಇಲ್ಲ.”

“ಮೊಣಕಾಲು ಆಪರೇಷನ್ ಆಗಿದೆ. ಮೊದಲು ಹಂಗೇ ಓಡ್ತಿದ್ದೆ.”

“ಅದಕ್ಕೆ ಏನಾದ್ರೂ ದಾಖಲೆ ಇದ್ಯಾ?”

ಅವನಿಗೆ ನೆನಪಾದದ್ದು ನೀರಿನ ಟ್ಯಾಂಕ್ ಮೇಲಿನ ವಿಡಿಯೋ, ಅದರಲ್ಲಿನ ಇರುವೆ ಗಾತ್ರದ ಆಟಗಾರರು. ಅಲ್ಲಿಯವರೆಗೆ ಬೇಲಿಯ ಬಳಿ ನಿಂತಿದ್ದ ಹಾರಂಗಿ ಶಿವ ಚಪ್ಪಲಿ ಬಿಟ್ಟ. ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದ. “ಇವ್ನು ಹೆಂಗೆ ಓಡ್ತಿದ್ದ ಅಂತ ನೋಡ್ಬೇಕಾ? ತಗೊಳ್ಳಿ ಫೋನು,” ಎಂದು ಓಡಿದ.

ಬಲ ಭುಜ ವಾಲಿತ್ತು. ಎಡ ಮೊಣಕೈ ಹೊರಗಿತ್ತು. ಸೊಂಟದ ಮೇಲೆ ತುಂಬಿದ ಬಿಂದಿಗೆ ಇತ್ತು, ಒಂದು ಹನಿ ತುಳುಕಲಿಲ್ಲ. ನಾಲ್ಕನೇ ಹೆಜ್ಜೆಗೆ ಸಣ್ಣ ಕುಪ್ಪಳಿಕೆ. ಇಪ್ಪತ್ತೈದು ಗಜದ ಗೆರೆ ಮುಟ್ಟಿ, ಬಲಕ್ಕೆ ಹೋಗುವವನಂತೆ ಮಾಡಿ ಎಡಕ್ಕೆ ಹೊರಳಿ, ವಾಪಸು ಬಂದ.

ಮಾನಸ ವಿಡಿಯೋವನ್ನು ಗೇಮಿನ ವಿಡಿಯೋದ ಪಕ್ಕ ಇಟ್ಟು ನೋಡಿದಳು. ಎರಡು ಸಲ ನೋಡಿದಳು. “ಇದೇ. ಪೂರ್ತಿ ಇದೇ,” ಎಂದಳು. “ಮತ್ತೆ ಚಲನೆಯೂ ಇವರದೇ ಅಲ್ವಾ?”

ಶಿವಪ್ರಕಾಶ್ ಮೊದಲ ಸಲ ತನ್ನ ಓಟವನ್ನು ಹೊರಗಿನಿಂದ, ಹತ್ತಿರದಿಂದ, ನಿಜವಾದ ನೆಲದ ಮೇಲೆ ನೋಡಿದ್ದ. “ಇದನ್ನ ಯಾವಾಗ ಕಲ್ತ್ಯೋ?” ಎಂದು ಕೇಳಿದ.

“ಕಲಿಯದೇನು? ಹಾಸ್ಟೆಲ್ಲಲ್ಲಿ ನೀನಿಲ್ದಾಗ ನಾವೆಲ್ಲಾ ನಿನ್ನ ತರ ಓಡಿ ನಗ್ತಿದ್ವಿ. ನಾನೇ ಫಸ್ಟು.” ಹಾರಂಗಿ ಶಿವ ಉಸಿರು ತೆಗೆದುಕೊಂಡ. ಆಮೇಲೆ ಮೇಡಂ ಕಡೆ ನೋಡದೆ, ನೆಲ ನೋಡುತ್ತಾ ಹೇಳಿದ. “ಒಂದ್ ವಿಷ್ಯ ಹೇಳ್ಬೇಕಿತ್ತು. ಅವತ್ತು ಫೆಬ್ರವರಿ ಹತ್ತನೇ ತಾರೀಕು ಇವ್ರು ಬಂದಿದ್ರಲ್ಲ, ಮೈಗೆ ಕರೀ ಬಟ್ಟೆ ಹಾಕ್ಸಿ, ಮೇಲೆಲ್ಲಾ ಬಿಳಿ ಗುಂಡಿ ಅಂಟ್ಸಿ, ಸುತ್ತ ಕ್ಯಾಮರಾ ಇಟ್ಟು ಓಡ್ಸಿದ್ರಲ್ಲ. ಒಬ್ಬ ಪಟ್ಟಿ ಹಿಡ್ಕಂಡು ಹೆಸರು ಕರೀತಿದ್ದ. ಟಿ. ಶಿವಪ್ರಕಾಶ್ ಅಂದ. ಹೋಗಿ ಓಡ್ದೆ, ನನ್ನ ಓಟ. ಆಮೇಲೆ ಎಸ್. ಶಿವಪ್ರಕಾಶ್ ಅಂದ. ಬಂದಿಲ್ಲ ಅಂದ್ರೆ ಇವನ ಹೆಸರು ಹೊಡೆದಾಕ್ತಿದ್ರು. ಅದಕ್ಕೆ...”

“ಅದಕ್ಕೆ?” ಎಂದರು ಮೇಡಂ.

“ಅದಕ್ಕೆ ಎಸ್ ಸರ್ ಅಂದೆ.”

“ಪ್ರಾಕ್ಸಿ ಹಾಕ್ದ್ಯಾ?” ಮೇಡಂ ದನಿ ಏರಿತು. “ಕ್ಯಾಮರಾ ಮುಂದೆ ಪ್ರಾಕ್ಸಿ ಹಾಕ್ದ್ಯಾ?”

“ಬರೀ ಹೆಸರಿಗೆ ಹಾಕ್ಲಿಲ್ಲ ಮೇಡಂ. ಇವನ ತರಾನೇ ಓಡ್ದೆ. ಕರೆಕ್ಟಾಗಿ ಬರ್ಬೇಕು ಅಂತ ಮೂರು ಸಲ ಓಡ್ದೆ.”

ಮಾನಸ ಲ್ಯಾಪ್‌ಟಾಪಿನಲ್ಲಿ ಏನೋ ಹುಡುಕಿದಳು. “ಹೌದು, ಎರಡು ರೆಕಾರ್ಡಿಂಗ್ ಇದೆ. ಒಂದೇ ಹೆಸರು, ಒಂದೇ ಮುಖ. ಎರಡು ಸಲ ಯಾಕೆ ಓಡಿದ್ದಾರೆ ಅಂತ ನಮಗೆ ಗೊತ್ತಾಗಲಿಲ್ಲ. ಎರಡರಲ್ಲಿ ಚೆನ್ನಾಗಿ ಬಂದಿದ್ದನ್ನ ಇಟ್ಕೊಂಡು ಇನ್ನೊಂದನ್ನ ತೆಗೆದುಬಿಟ್ವಿ.”

“ತೆಗೆದಿದ್ದು ಯಾವ್ದು?”

“ನಿಮ್ಮ ಸ್ವಂತದ್ದು.”

“ನನ್ನ ಓಟ ಅಷ್ಟು ದರಿದ್ರವಾ?” ಎಂದ ಹಾರಂಗಿ ಶಿವ. ಅವನೊಬ್ಬನೇ ಸ್ವಲ್ಪ ನಕ್ಕ.

ಶಿವಪ್ರಕಾಶ್ ಗೋಲ್‌ಪೋಸ್ಟಿಗೆ ಒರಗಿದ. ಸ್ನೇಹಿತನನ್ನು ತಬ್ಬಿಕೊಳ್ಳಬೇಕೋ ಬೈಯಬೇಕೋ ಅವನಿಗೆ ತಿಳಿಯಲಿಲ್ಲ. ಇಷ್ಟು ದಿನ ತನ್ನದೆಂದು ನೋಡುತ್ತಿದ್ದ ಓಟ ತನ್ನ ಕಾಲಿನದೇ ಅಲ್ಲ. ಅಲ್ಲ ಎನ್ನುವುದೂ ಹೇಗೆ? ಹಾರಂಗಿ ಶಿವ ತನ್ನಷ್ಟಕ್ಕೆ ಹಾಗೆ ಎಂದೂ ಓಡಿದವನಲ್ಲ. ಯಾರ ಕಾಲೋ ಓಡಿದ್ದು, ಯಾರದೋ ಓಟ. ಆಸ್ಪತ್ರೆಯ ಹಾಸಿಗೆಯಲ್ಲಿ ಕಾಲು ಮೇಲೆತ್ತಿ ಕಟ್ಟಿಸಿಕೊಂಡು ಮಲಗಿದ್ದ ಹೊತ್ತಿಗೇ ಶಿವಪ್ರಕಾಶ್ ಇಲ್ಲಿ ಓಡಿಯೂ ಇದ್ದ, ಮೂರು ಸಲ.

ಮಾನಸ ವಕೀಲರಿಗೆ ಫೋನು ಮಾಡಲು ಮರದ ಕೆಳಗೆ ಹೋದಳು. ಇಪ್ಪತ್ತು ನಿಮಿಷ ಮಾತಾಡಿದಳು. ಒಂದು ಹಂತದಲ್ಲಿ ‘ಅಲ್ಲ ಸರ್, ಅವರೇ ಇವರಲ್ಲ’ ಎಂದದ್ದು ಇಲ್ಲಿಗೆ ಕೇಳಿಸಿತು. ಅಷ್ಟು ಹೊತ್ತೂ ಮೇಡಂ ಹಾರಂಗಿ ಶಿವನಿಗೆ ಬೈಯುತ್ತಿದ್ದರು. ಬೈದು ಮುಗಿದ ಮೇಲೆ, “ತಿಂಡಿ ತಿಂದಿದೀರೇನ್ರೋ ಇಬ್ರೂ?” ಎಂದು ಕೇಳಿದರು.

“ಹೀಗಂತೆ,” ಎಂದಳು ಮಾನಸ ವಾಪಸು ಬಂದು. “ಈ ಓಟದ ಮೇಲೆ ಹಕ್ಕು ಕೇಳಬಹುದಾದವರು ಇಬ್ಬರು. ಓಡಿದವರು ಮತ್ತೆ... ಯಾರ ತರ ಓಡಿದರೋ ಅವರು. ಕಾನೂನಿನಲ್ಲಿ ಯಾರದು ಗಟ್ಟಿ ಅಂತ ವಕೀಲರಿಗೂ ಖಚಿತ ಇಲ್ಲ. ಅದಕ್ಕೆ ಇಬ್ಬರಲ್ಲಿ ಒಬ್ಬರು ನನ್ನದು ಅಂದರೂ ಅವರು ಅದನ್ನ ಅಳಿಸಿ ಅಂತಾರೆ.”

“ಯಾರೂ ಅನ್ನದಿದ್ರೆ?” ಶಿವಪ್ರಕಾಶ್ ಕೇಳಿದ.

“ಈ ಓಟ ನನ್ನದಲ್ಲ, ಇದರ ಮೇಲೆ ನನಗೆ ಯಾವ ಹಕ್ಕೂ ಇಲ್ಲ ಅಂತ ಇಬ್ಬರೂ ಬರೆದುಕೊಟ್ಟರೆ ಇಟ್ಕೊಬಹುದು. ಹೆಸರು, ಮುಖ ಎರಡೂ ಹೋಗುತ್ತೆ. ಓಟ ಉಳಿಯುತ್ತೆ.”

“ಇದೆಂಥದು?” ಎಂದರು ಮೇಡಂ. “ನನ್ನದು ಅಂದ್ರೆ ಹೋಗುತ್ತೆ, ನನ್ನದಲ್ಲ ಅಂದ್ರೆ ಉಳಿಯುತ್ತೆ?”

“ನನಗೂ ಸರಿಯಾಗಿ ಅರ್ಥ ಆಗಿಲ್ಲ ಮೇಡಂ,” ಎಂದಳು ಮಾನಸ ಪ್ರಾಮಾಣಿಕವಾಗಿ. “ಆದರೆ ಅವರು ಹೇಳಿದ್ದು ಅದೇ.”

ಹಾರಂಗಿ ಶಿವ ಸ್ನೇಹಿತನನ್ನು ಸ್ವಲ್ಪ ದೂರ ಕರೆದುಕೊಂಡು ಹೋದ. “ಮಗಾ, ನೀನು ಮೊದಲಿನ ಫಾರಂಗೆ ಸಹಿ ಹಾಕು. ಅವತ್ತು ಓಡಿದ್ದು ನಾನೇ ಅಂತ ಹೇಳು. ನಾನು ಸುಮ್ನಿರ್ತೀನಿ. ಇನ್ನೊಂದ್ ಪ್ರಾಕ್ಸಿ, ಅಷ್ಟೇ.”

“ಅವತ್ತು ನಾನು ಮೈಸೂರಲ್ಲಿ ಅಡ್ಮಿಟ್ ಆಗಿದ್ದೆ ಕಣೋ. ಚೀಟಿ ಇದೆ. ಆ ಹುಡುಗಿ ಎಲ್ಲಾ ಕೇಳಿಸ್ಕಂಡವ್ಳೆ.”

“ಹಂಗಾರೆ ಹೆಂಗೆ?”

“ನೀನೇ ಹಾಕು. ಓಡಿದ್ದು ನೀನೇ ತಾನೆ. ನಾನು ತಕರಾರಿಲ್ಲ ಅಂತ ಬರ್ಕೊಡ್ತೀನಿ.”

“ಥೂ. ನಿನ್ನ ಓಟಕ್ಕೆ ನನ್ನ ಸಹಿ ಹಾಕಲ್ಲ. ನಾಳೆ ಯಾರಾದ್ರೂ ನೀನು ಹಿಂಗೆ ಓಡ್ತಿದ್ಯಾ ಅಂದ್ರೆ ಏನ್ ಹೇಳ್ಲಿ?”

ಶಿವಪ್ರಕಾಶನಿಗೆ ಬೇಕಾಗಿದ್ದದ್ದು ಇದೇ ತಾನೆ, ಒಬ್ಬನಾದರೂ ಅದು ನಿನ್ನದು ಎಂದು ಬಾಯಿಬಿಟ್ಟು ಹೇಳುವುದು. ಆದರೆ ಕಾಗದದ ಮೇಲೆ ಹಾಗೆ ಬರೆದ ಕ್ಷಣವೇ ಓಟ ಹೋಗುತ್ತದೆ. ಅವನು ಕೊಠಡಿಗೆ ನಡೆದ, ನೆಟ್ಟಗೆ. ಮಾನಸ ಬರೆದುಕೊಟ್ಟ ವಾಕ್ಯವನ್ನು ಹಾಳೆಯ ಮೇಲೆ ತನ್ನ ಕೈಯಾರೆ ಬರೆದ: ‘ಈ ಓಟ ನನ್ನದಲ್ಲ.’ ‘ಅಲ್ಲ’ ಎಂಬಲ್ಲಿ ಪೆನ್ನು ತುಸು ನಿಂತಿತು. ಕೆಳಗೆ ಎಸ್. ಶಿವಪ್ರಕಾಶ್ ಎಂದು ಸಹಿ ಮಾಡಿದ. ಹಾರಂಗಿ ಶಿವ ಅದೇ ವಾಕ್ಯ ಬರೆದು ಟಿ. ಶಿವಪ್ರಕಾಶ್ ಎಂದು ಸಹಿ ಮಾಡಿದ. ಇಬ್ಬರಲ್ಲಿ ಒಬ್ಬ ಸುಳ್ಳು ಬರೆದಿದ್ದ. ಯಾರು ಎಂದು ಕೇಳಿದ್ದರೆ ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಯಾರೂ ಹೇಳುತ್ತಿರಲಿಲ್ಲ.

ಗೇಮ್ ಡಿಸೆಂಬರ್ ಎರಡನೇ ವಾರ ಬಂತು. ಹಾರಂಗಿ ಶಿವ ಮಧ್ಯಾಹ್ನವೇ ಫೋನು ಮಾಡಿದ. “ನೋಡ್ದ್ಯಾ?”

“ಇಲ್ಲ, ಇಳಿಸ್ಕೋತಿದೀನಿ.”

“ನೋಡು. ನಾನೇನೂ ಹೇಳಲ್ಲ. ನೋಡು.” ನಗು ತಡೆಯಲಾಗದೆ ಅವನು ಫೋನಿಟ್ಟ.

ಶುಂಠಿ ಮಂಡಿಯಲ್ಲಿ ಗಿರಾಕಿಗಳಿರಲಿಲ್ಲ. ಶಿವಪ್ರಕಾಶ್ ಗೇಮ್ ತೆರೆದ. ವಿಶ್ವವಿದ್ಯಾಲಯದ ಹೆಸರು ಎಲ್ಲೂ ಇರಲಿಲ್ಲ. ಕಾಲೇಜುಗಳ ಹೆಸರೂ ಇರಲಿಲ್ಲ. ‘ಬೆಟ್ಟದ ಕಾಲೇಜು’, ‘ಬಯಲಿನ ಕಾಲೇಜು’, ‘ಕರಾವಳಿ ಕಾಲೇಜು’ ಎಂದು ಹದಿನಾರು ತಂಡ. ಬೆಟ್ಟದ ಕಾಲೇಜಿಗೆ ಬೂದು ಬಣ್ಣದ ಜೆರ್ಸಿ. ಹೆಸರಿನ ಜಾಗದಲ್ಲಿ ‘ಆಟಗಾರ 14’. ಮುಖ ಯಾರದೂ ಅಲ್ಲ, ಎಲ್ಲೋ ನೋಡಿದ ಹಾಗಿದೆ ಅನ್ನಿಸುವಂಥದು. ಸೀಟಿ ಕೇಳಿಸಿತು.

ಹದಿನಾಲ್ಕು ಓಡಿದ. ಬಲ ಭುಜ ವಾಲಿತ್ತು, ಎಡ ಮೊಣಕೈ ಹೊರಗೆ. ಶಿವಪ್ರಕಾಶನ ಎದೆ ಹಗುರಾಯಿತು. ಆಮೇಲೆ ಆರನೇ ನಂಬರಿನವನು ಓಡಿದ. ಅವನದೂ ಬಲ ಭುಜ ವಾಲಿತ್ತು. ಎರಡು, ಒಂಬತ್ತು, ಹನ್ನೊಂದು. ಎದುರು ತಂಡದವರು. ಇಪ್ಪತ್ತು ಜನ ಸೊಂಟದ ಮೇಲೆ ಬಿಂದಿಗೆ ಹೊತ್ತವರಂತೆ ಒಂದು ಹನಿ ತುಳುಕಿಸದೆ ಆ ಕಡೆಯಿಂದ ಈ ಕಡೆ ಓಡಾಡುತ್ತಿದ್ದರು. ಪೆನಾಲ್ಟಿ ಕಾರ್ನರ್ ಸಿಕ್ಕಿದಾಗ ಗೋಲ್‌ಕೀಪರ್ ದಪ್ಪ ಪ್ಯಾಡ್ ಕಟ್ಟಿಕೊಂಡು ಕುಪ್ಪಳಿಸುತ್ತಾ ಬಂದ. ಅಂಪೈರ್ ಕೂಡ.

ಅವನು ಮಾನಸಳಿಗೆ ಮೆಸೇಜು ಹಾಕಿದ. ಸಂಜೆಯ ಹೊತ್ತಿಗೆ ಉತ್ತರ ಬಂತು: ‘ನಾವು ರೆಕಾರ್ಡ್ ಮಾಡಿದ ಓಟಗಳಲ್ಲಿ ಒಂದನ್ನು ಬಿಟ್ಟು ಉಳಿದ ಎಲ್ಲದರ ಮೇಲೂ ಯಾರಾದರೊಬ್ಬರ ತಕರಾರಿದೆ. ಯಾರೂ ತಮ್ಮದು ಅನ್ನದ, ಅದೂ ಎರಡು ಸಹಿ ಸಮೇತ ಇರುವ ಓಟ ಅದೊಂದೇ. ಅದಕ್ಕೆ ಎಲ್ಲರಿಗೂ ಅದನ್ನೇ ಹಾಕಿದ್ದಾರೆ. ನಿಮಗೆ ಬೇಜಾರಾಯಿತಾ?’

ಬೇಜಾರಾಗಿದೆಯೇ ಎಂದು ಅವನು ತನ್ನನ್ನೇ ಕೇಳಿಕೊಂಡ. ಹೌದು ಎಂದು ಹೊಡೆದ, ಅಳಿಸಿದ. ಇಲ್ಲ ಎಂದು ಹೊಡೆದ, ಅದನ್ನೂ ಅಳಿಸಿದ. ಕೊನೆಗೆ ‘ಗೊತ್ತಾಗ್ತಿಲ್ಲ’ ಎಂದು ಕಳಿಸಿದ.

ಶಿವಶಂಕರಪ್ಪ ಕನ್ನಡಕ ಏರಿಸಿಕೊಂಡು ಮಗನ ಭುಜದ ಮೇಲಿಂದ ಬಗ್ಗಿದರು. ಅವರು ಮಗನ ಒಂದು ಪಂದ್ಯವನ್ನೂ ನೋಡಿದವರಲ್ಲ. ಸ್ವಲ್ಪ ಹೊತ್ತು ನೋಡಿ, “ಇದೇನೋ, ಇವರೆಲ್ಲಾ ನಿಮ್ಮವ್ವನ ತರ ಓಡ್ತಾರಲ್ಲ,” ಎಂದರು.

“ಅವ್ವನ ತರಾನಾ? ಅದು ನನ್ನ ಓಟ ಅಪ್ಪ.”

“ನಿಂದೆಲ್ಲಿ ಬಂತು? ನೀನು ಹುಟ್ಟೋಕೆ ಮುಂಚೆಯಿಂದ ನೋಡಿದೀನಿ. ಕೆಳಗಿನ ಬಾವಿಯಿಂದ ನೀರು ಹೊತ್ಕಂಡು ದಿಣ್ಣೆ ಹತ್ತೋಳು, ದಿನಕ್ಕೆ ಎಂಟು ಸಲ. ನಲ್ಲಿ ಬಂದಮೇಲೂ ಅವಳ ಭುಜ ನೆಟ್ಟಗಾಗ್ಲಿಲ್ಲ. ನೀನು ಅವಳ ಸೆರಗು ಹಿಡ್ಕಂಡು ಹಿಂದೆ ಹಿಂದೆ ಓಡ್ತಿದ್ದೆ.”

ಆಗಲೇ ಅವನ ತಾಯಿ ವಿಮಲಮ್ಮ ಮನೆ ಕಡೆಯ ಬಾಗಿಲಿನಿಂದ ಎರಡು ಲೋಟ ಕಾಫಿ ಹಿಡಿದು ಬರುತ್ತಿದ್ದರು. ಶಿವಪ್ರಕಾಶ್ ತಲೆಯೆತ್ತಿ ನೋಡಿದ. ಇಪ್ಪತ್ತಮೂರು ವರ್ಷ ದಿನವೂ ನೋಡಿದ್ದನ್ನು ಈಗ ನೋಡಿದ: ಬಲ ಭುಜ ತುಸು ಕೆಳಗೆ, ಎಡ ಮೊಣಕೈ ತುಸು ಹೊರಗೆ.

“ಅವ್ವ, ಇಲ್ಲಿ ನೋಡು,” ಎಂದು ಫೋನು ತಿರುಗಿಸಿ ಹಿಡಿದ. “ಇದು ನಿಂದಾ?”

ವಿಮಲಮ್ಮ ಕಾಫಿಯನ್ನು ತಕ್ಕಡಿಯ ಮೇಲಿಟ್ಟು, ಬಗ್ಗಿ, ತೆರೆಯ ಮೇಲೆ ಓಡುತ್ತಿದ್ದ ಇಪ್ಪತ್ತು ಜನರನ್ನು ಗಮನವಿಟ್ಟು ನೋಡಿದರು.

“ನಂದ್ಯಾಕಾಯ್ತದೆ? ನಾನ್ಯಾವತ್ತು ಚೆಂಡಾಡಿದ್ದೆ?” ಎಂದರು. ಮತ್ತೊಮ್ಮೆ ನೋಡಿದರು. “ಪಾಪ, ಎಲ್ಲಾ ಹುಡುಗರಿಗೂ ಸೊಂಟ ನೋವು ಅಂತ ಕಾಣ್ತದೆ.”